ಚಳಿಯನ್ನು ಗೆಲ್ಲುವ ಸೂಕ್ಷ್ಮಜೀವಿ

ಮಾಗಿಯ ಚಳಿ ಬಂದಿತೆಂದರೆ ಮನುಷ್ಯನು ಕಂಬಳಿ ಹೊದೆಯುತ್ತಾನೆ. ಒಲೆಯ ಮುಂದೆ ಕುಳಿತು ಮೈ ಕಾಯಿಸಿಕೊಳ್ಳುತ್ತಾನೆ. ಬರಿಗಣ್ಣಿಗೆ ಕಾಣದ ಬ್ಯಾಕ್ಟೀರಿಯಕ್ಕೆ ಕಂಬಳಿಯೂ ಇಲ್ಲ, ಒಲೆಯೂ ಇಲ್ಲ. ಆದರೂ ಅದು ಚಳಿಯನ್ನು ಎದುರಿಸಿ ಬದುಕುತ್ತದೆ. ಅದು ಹೇಗೆ?

ಜೀವಕೋಶಕ್ಕೆ ಬೇಕಾದ ಪ್ರೋಟೀನುಗಳನ್ನು ತಯಾರಿಸುವ ಸೂಚನೆಗಳು ಜೀನುಗಳಲ್ಲಿ ಅಡಗಿವೆ. ಆರ್.ಎನ್.ಎ. ಎಂಬ ನೂಲಿನಂಥ ಅಣು ಜೀನಿನ ಸೂಚನೆಯನ್ನು ರೈಬೋಸೋಮಿಗೆ ಒಯ್ಯುತ್ತದೆ. ರೈಬೋಸೋಮು ಅದನ್ನು ಅನುಸರಿಸಿ ಪ್ರೋಟೀನನ್ನು ತಯಾರಿಸುತ್ತದೆ. ಆದರೆ ಎಲ್ಲ ಜೀನುಗಳೂ ಎಲ್ಲ ಕಾಲದಲ್ಲಿಯೂ ಒಂದೇ ಸಮನೆ ಕೆಲಸ ಮಾಡುವುದಿಲ್ಲ.

ಇ. ಕೊಲೈ ಎಂಬ ಬ್ಯಾಕ್ಟೀರಿಯವು ಮನುಷ್ಯನ ಕರುಳಿನಲ್ಲಿ ವಾಸಿಸುತ್ತದೆ. ಅಲ್ಲಿಯ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಅದನ್ನು ಒಮ್ಮೆಲೇ 10 ಡಿಗ್ರಿಯ ಚಳಿಗೆ ಒಡ್ಡಿದರೆ ಎರಡು ಸಂಕಟಗಳು ಒದಗುತ್ತವೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವಂತೆ ಅದರ ಕೋಶಪೊರೆ ಗಡುಸಾಗುತ್ತದೆ. ಆರ್.ಎನ್.ಎ. ನೂಲುಗಳು ಮಡಿಚಿಕೊಂಡು ಸಿಕ್ಕಾಗುತ್ತವೆ. ರೈಬೋಸೋಮುಗಳ ಕೆಲಸ ಕುಂಠಿತವಾಗುತ್ತದೆ. ಕೆಲವು ಗಂಟೆಗಳ ಕಾಲ ಬೆಳವಣಿಗೆಯೇ ನಿಂತುಹೋಗುತ್ತದೆ.

ಆದರೆ ಈ ಅವಧಿಯಲ್ಲಿ ಬ್ಯಾಕ್ಟೀರಿಯ ಸುಮ್ಮನಿರುವುದಿಲ್ಲ. ಇತರ ಪ್ರೋಟೀನುಗಳ ತಯಾರಿಕೆ ತಗ್ಗಿರುವಾಗಲೇ ಸಿ.ಎಸ್.ಪಿ.ಎ. ಎಂಬ ಪುಟ್ಟ ಪ್ರೋಟೀನು ಹೇರಳವಾಗಿ ಉತ್ಪತ್ತಿಯಾಗುತ್ತದೆ. ಮಸಾಯೋರಿ ಇನೌಯೆ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ 1990ರಲ್ಲಿ ಇದನ್ನು ವಿವರಿಸಿದರು. ಇದರ ಸೂಚನೆಯನ್ನು ಹೊತ್ತ ಆರ್.ಎನ್.ಎ. ಬೆಚ್ಚಗಿರುವಾಗ ಕೆಲವೇ ಸೆಕೆಂಡುಗಳಲ್ಲಿ ನಾಶವಾಗತೊಡಗುತ್ತದೆ. ಚಳಿಯಲ್ಲಾದರೋ ಅದರ ಆಕಾರ ಬದಲಾಗಿ, ಹಲವು ನಿಮಿಷಗಳ ಕಾಲ ಉಳಿಯುತ್ತದೆ. ರೈಬೋಸೋಮಿಗೂ ಸುಲಭವಾಗಿ ಒದಗುತ್ತದೆ. ಹೀಗೆ ಬ್ಯಾಕ್ಟೀರಿಯಕ್ಕೆ ಅಪಾಯವನ್ನು ತರುವ ಚಳಿಯೇ ರಕ್ಷಣೆಗೂ ಕರೆ ನೀಡುತ್ತದೆ.

ಸಿ.ಎಸ್.ಪಿ.ಎ. ಇತರ ಆರ್.ಎನ್.ಎ. ನೂಲುಗಳಿಗೆ ಅಂಟಿಕೊಂಡು ಅವು ಸಿಕ್ಕಾಗದಂತೆ ತಡೆಯುತ್ತದೆ. ಪೊರೆಯಲ್ಲಿ ಅಪರ್ಯಾಪ್ತ ಮೇದಾಮ್ಲಗಳು ಹೆಚ್ಚಿ ಅದು ಮತ್ತೆ ಮೆದುವಾಗುತ್ತದೆ. ಆಗ ನಿಂತಿದ್ದ ಬೆಳವಣಿಗೆ ನಿಧಾನವಾಗಿ ಮುಂದುವರಿಯುತ್ತದೆ. ಕೆಲಸ ಮುಗಿದಂತೆ ಸಿ.ಎಸ್.ಪಿ.ಎ. ತಯಾರಿಕೆಯೂ ತಗ್ಗುತ್ತದೆ. ಬೇಕಾದಾಗ ಬೇಕಾದಷ್ಟು ಎಂಬುದೇ ಈ ಜೀವಿಯ ಮಿತವ್ಯಯದ ನೀತಿ.

ಈ ವಿಷಯವು ಮನುಷ್ಯನ ಆರೋಗ್ಯಕ್ಕೂ ಸಂಬಂಧಿಸಿದೆ. ಲಿಸ್ಟೀರಿಯ ಎಂಬ ರೋಗಕಾರಕ ಬ್ಯಾಕ್ಟೀರಿಯವು 4 ಡಿಗ್ರಿಯ ತಂಪಿನಲ್ಲಿಯೂ ಬೆಳೆಯಬಲ್ಲದು. ಗರ್ಭಿಣಿಯರಿಗೂ ನವಜಾತ ಶಿಶುಗಳಿಗೂ ವೃದ್ಧರಿಗೂ ಇದು ಪ್ರಾಣಾಪಾಯ ತರಬಹುದು. ರೆಫ್ರಿಜರೇಟರು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆಯೇ ಹೊರತು ಅವನ್ನೆಲ್ಲ ಕೊಲ್ಲುವುದಿಲ್ಲ. ಆದುದರಿಂದ ಹಸಿ ಹಾಲನ್ನು ತಂಪಿನಲ್ಲಿಟ್ಟ ಮಾತ್ರಕ್ಕೆ ಅದು ನಿರಪಾಯವೆಂದು ನಂಬಲಾಗದು. ಹಾಲನ್ನು ಕಾಯಿಸಿಯೇ ಕುಡಿಯಬೇಕೆಂಬ ಮನೆಯ ಹಿರಿಯರ ಮಾತಿಗೆ ವಿಜ್ಞಾನದ ಸಮರ್ಥನೆಯೂ ಇದೆ.