ಹೊಣೆ ಹೊತ್ತ ಎಳೆಯರು

ಕೆಂಟಕಿಯು ಅಮೆರಿಕ ಸಂಯುಕ್ತ ಸಂಸ್ಥಾನದ ಒಂದು ರಾಜ್ಯ. ಅದರ ಪೂರ್ವಭಾಗದಲ್ಲಿ ಅಪಲೇಶಿಯನ್ ಬೆಟ್ಟಗಳೂ ಕಲ್ಲಿದ್ದಲಿನ ಗಣಿಗಳೂ ಇವೆ. ನೆಲದೊಳಗೆ ಸಂಪತ್ತಿದ್ದರೂ ಅಲ್ಲಿನ ಬಹುಮಂದಿಯ ಬಾಳು ಬಡತನದ್ದಾಗಿತ್ತು. ಶಾಲೆಗಳು ಸ್ಥಳೀಯ ಆಸ್ತಿ ತೆರಿಗೆಯನ್ನು ಬಹುಮಟ್ಟಿಗೆ ನೆಚ್ಚಿಕೊಂಡಿದ್ದುದರಿಂದ, ಸಿರಿವಂತರ ಊರಿನ ಮಗುವಿಗೆ ದೊರೆತ ಸೌಕರ್ಯ ಬಡವರ ಊರಿನ ಮಗುವಿಗೆ ದೊರೆಯುತ್ತಿರಲಿಲ್ಲ. ಈ ತಾರತಮ್ಯವನ್ನು ಸಹಿಸದೆ 1985ರಲ್ಲಿ 66 ಶಾಲಾ ಜಿಲ್ಲೆಗಳು ಒಂದುಗೂಡಿ ನ್ಯಾಯಾಲಯದ ಮೊರೆಹೊಕ್ಕವು. 1989ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಅಲ್ಲಿನ ಶಾಲಾ ವ್ಯವಸ್ಥೆಯೇ ಸಂವಿಧಾನಕ್ಕೆ ವಿರುದ್ಧವಾದುದೆಂದು ತೀರ್ಪಿತ್ತಿತು. ಮರುವರ್ಷವೇ ಹೊಸ ಶಿಕ್ಷಣ ಕಾಯಿದೆ ಬಂದಿತು. ಬಡ ಶಾಲೆ, ಸಿರಿವಂತ ಶಾಲೆ ಎಂಬ ಭೇದವಿಲ್ಲದೆ ಗಣಕಯಂತ್ರಗಳನ್ನು ಒದಗಿಸುವ ಯೋಜನೆಯೂ ಅದರೊಡನೆ ರೂಪುಗೊಂಡಿತು.

ಆದರೆ ಯಂತ್ರ ಬಂದ ಮಾತ್ರಕ್ಕೆ ವಿದ್ಯೆ ಬಂದಂತಾಗುವುದೇ? ಅದು ಕೆಟ್ಟು ನಿಂತರೆ ಸರಿಪಡಿಸುವವರು ಯಾರು? ಅದನ್ನು ಎಂದೂ ಮುಟ್ಟದ ಉಪಾಧ್ಯಾಯರಿಗೆ ನೆರವಾಗುವವರು ಯಾರು? ಈ ಪ್ರಶ್ನೆಗಳಿಗೆ ಕೆಂಟಕಿಯು ಶಾಲೆಯೊಳಗೇ ಉತ್ತರವನ್ನು ಕಂಡುಕೊಂಡಿತು. 1994ರಲ್ಲಿ ‘ವಿದ್ಯಾರ್ಥಿ ತಂತ್ರಜ್ಞಾನ ನಾಯಕತ್ವ ಕಾರ್ಯಕ್ರಮ’ವು ಅಲ್ಲಿ ಆರಂಭವಾಯಿತು.

ಪ್ರಾಥಮಿಕ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳು ಇದರಲ್ಲಿ ಭಾಗವಹಿಸುತ್ತಾರೆ. ಕೆಟ್ಟ ಗಣಕಯಂತ್ರವನ್ನು ಪರೀಕ್ಷಿಸಿ ದೋಷವನ್ನು ಗುರುತಿಸುತ್ತಾರೆ. ಕಿರಿಯರಿಗೂ ಉಪಾಧ್ಯಾಯರಿಗೂ ನೆರವಾಗುತ್ತಾರೆ. ಊರಿನ ಕೊರತೆಯೊಂದನ್ನು ಆರಿಸಿಕೊಂಡು ತಂತ್ರಜ್ಞಾನದಿಂದ ಅದನ್ನು ನೀಗಿಸಲು ಯತ್ನಿಸುತ್ತಾರೆ. ತಮ್ಮ ಕೆಲಸವನ್ನು ಮೊದಲು ಪ್ರಾದೇಶಿಕ ಪ್ರದರ್ಶನಗಳಲ್ಲಿಯೂ, ಅಲ್ಲಿ ಆಯ್ಕೆಯಾದರೆ ಲೆಕ್ಸಿಂಗ್ಟನ್ ನಗರದ ರಾಜ್ಯಮಟ್ಟದ ಸ್ಪರ್ಧೆಯಲ್ಲಿಯೂ ತೀರ್ಪುಗಾರರ ಮುಂದಿಡುತ್ತಾರೆ. ಮಾಡಿದುದನ್ನು ತಾವೇ ವಿವರಿಸಬೇಕು. ಕೇಳಿದುದಕ್ಕೆ ತಾವೇ ಉತ್ತರಿಸಬೇಕು.

ಇಂತಹ ಕೆಲಸದಲ್ಲಿ ಒಂದು ಅಪಾಯವೂ ಉಂಟು. ಬಲ್ಲವನು ಬಾರದವನನ್ನು ಪಕ್ಕಕ್ಕೆ ಸರಿಸಿ, ಕೆಲಸವನ್ನು ತಾನೇ ಮಾಡಿ ಮುಗಿಸಿದರೆ ಯಂತ್ರ ಸರಿಹೋದೀತು. ಬಾರದವನು ಮಾತ್ರ ಇದ್ದಲ್ಲಿಯೇ ಉಳಿದಾನು. ಜೊತೆಗೆ ಕುಳಿತು, ಅವನ ಕೈಯಿಂದಲೇ ಕೆಲಸ ಮಾಡಿಸಿ, ಅವನು ತಪ್ಪಿದಾಗ ನಗದೆ ತಿದ್ದಬೇಕಾದರೆ ತಾಳ್ಮೆ ಬೇಕು. ನಾಯಕನ ನಿಜವಾದ ಪರೀಕ್ಷೆ ಅಲ್ಲಿದೆ.

ಮಕ್ಕಳ ಕೈಗೆ ಬೆಲೆಬಾಳುವ ವಸ್ತುವನ್ನು ಕೊಡಲು ಹಿರಿಯರು ಅಳುಕುವುದು ಸಹಜ. ಆದರೆ ಬೀಗ ಹಾಕಿದ ಕೋಣೆಯಲ್ಲಿ ಧೂಳು ಹಿಡಿದ ಯಂತ್ರವು ಯಾರಿಗೂ ಏನನ್ನೂ ಕಲಿಸದು. ಬಡ ಮಗುವಿಗೂ ಸಮಾನವಾದ ಶಿಕ್ಷಣ ದೊರೆಯಬೇಕೆಂದು ನ್ಯಾಯಾಲಯವು ಹೇಳಿತು. ಆ ಮಾತು ಕಾಗದದ ಮೇಲೆಯೇ ಉಳಿಯದಿರಬೇಕಾದರೆ, ಒಂದು ಮಗು ತಾನು ಕಲಿತುದನ್ನು ಪಕ್ಕದ ಮಗುವಿಗೆ ದಾಟಿಸಬೇಕು.