ರೋಗಿಯ ವೃತ್ತಾಂತವೇ ಪಾಠ: ಔದ್ಯೋಗಿಕ ಚಿಕಿತ್ಸೆಯ ಪರಿಚಯ

ಔದ್ಯೋಗಿಕ ಚಿಕಿತ್ಸೆ ಎಂದೊಡನೆ, ಅದು ರೋಗಿಗೆ ನೌಕರಿ ಕೊಡಿಸುವ ಏರ್ಪಾಡು ಎಂದು ತಿಳಿಯುವವರು ನಮ್ಮಲ್ಲಿ ಹಲವರಿದ್ದಾರೆ. ಅದು ಹಾಗಲ್ಲ. ಇಲ್ಲಿ ಉದ್ಯೋಗವೆಂದರೆ ಸಂಬಳದ ಕೆಲಸ ಮಾತ್ರವಲ್ಲ. ಮನುಷ್ಯನು ಬೆಳಗಿನಿಂದ ರಾತ್ರಿಯವರೆಗೆ ಮಾಡುವ ಎಲ್ಲ ಕೆಲಸಗಳೂ ಅದರಲ್ಲಿ ಸೇರುತ್ತವೆ. ಮುಖ ತೊಳೆಯುವುದು, ಅಂಗಿಯ ಗುಂಡಿ ಹಾಕುವುದು, ತುತ್ತು ಕಲಸಿ ಬಾಯಿಗಿಡುವುದು, ಮಗುವಿಗೆ ಆಟ, ವಿದ್ಯಾರ್ಥಿಗೆ ಬರಹ, ಇವೆಲ್ಲವೂ ಉದ್ಯೋಗಗಳೇ. ಕಾಯಿಲೆಯಿಂದಲೋ ಅಪಘಾತದಿಂದಲೋ ಇವುಗಳನ್ನು ಕಳೆದುಕೊಂಡವನಿಗೆ, ಅದೇ ಕೆಲಸಗಳ ಮೂಲಕವೇ ಅವುಗಳನ್ನು ಮರಳಿ ಕಲಿಸುವ ಶಾಸ್ತ್ರಕ್ಕೆ ಔದ್ಯೋಗಿಕ ಚಿಕಿತ್ಸೆ ಎಂದು ಹೆಸರು.

ಈ ಶಾಸ್ತ್ರವು ಒಬ್ಬ ರೋಗಿಯ ಸ್ವಂತ ಅನುಭವದಿಂದಲೂ ಬೆಳೆಯಿತು ಎಂಬುದು ಗಮನಿಸತಕ್ಕ ಸಂಗತಿ. ಅಮೆರಿಕದ ಜಾರ್ಜ್ ಬಾರ್ಟನ್ ಎಂಬ ವಾಸ್ತುಶಿಲ್ಪಿ ಕ್ಷಯರೋಗದಿಂದ ಬಳಲಿದವರು. ಮುಂದೆ ಅವರ ದೇಹದ ಎಡಭಾಗಕ್ಕೂ ಸ್ವಾಧೀನ ತಪ್ಪಿತು. ತೋಟಗೆಲಸ, ಮರಗೆಲಸಗಳಿಂದ ತಮಗೆ ಗುಣ ಕಂಡುದನ್ನು ಅವರು ಇತರರಿಗೂ ಹೇಳಿಕೊಟ್ಟರು. 1917ರಲ್ಲಿ ಅವರ ಮನೆಯಲ್ಲಿ ಸೇರಿದ ಕೆಲವೇ ಜನರು ಈ ಚಿಕಿತ್ಸೆಯ ಪ್ರಸಾರಕ್ಕಾಗಿ ಒಂದು ಸಂಘವನ್ನು ಕಟ್ಟಿದರು.

ನಮ್ಮ ದೇಶದಲ್ಲಿ ಇದರ ಶಿಕ್ಷಣಕ್ಕೆ ತಳಹದಿ ಬಿದ್ದುದು ನಮಗೆ ಹತ್ತಿರದ ಪರೇಲಿನಲ್ಲೇ. ಅಲ್ಲಿಯ ಕೆ. ಇ. ಎಂ. ಆಸ್ಪತ್ರೆಯಲ್ಲಿ 1950ರಲ್ಲಿ ಔದ್ಯೋಗಿಕ ಚಿಕಿತ್ಸೆಯ ಶಾಲೆಯನ್ನು ಆರಂಭಿಸಿದವರು ಶ್ರೀಮತಿ ಕಮಲಾ ನಿಂಬ್ಕರ್. ಅಮೆರಿಕದಲ್ಲಿ ಹುಟ್ಟಿ, ಭಾರತೀಯರನ್ನು ಮದುವೆಯಾಗಿ, ಈ ದೇಶವನ್ನೇ ತಮ್ಮದಾಗಿಸಿಕೊಂಡ ಮಹಿಳೆ ಅವರು. 1952ರಲ್ಲಿ ಅಖಿಲ ಭಾರತ ಸಂಘ ಸ್ಥಾಪನೆಯಾಯಿತು. ಅದೇ ವರ್ಷ ಹುಟ್ಟಿದ ಜಾಗತಿಕ ಒಕ್ಕೂಟದ ಸ್ಥಾಪಕ ರಾಷ್ಟ್ರಗಳಲ್ಲಿ ಭಾರತವೂ ಒಂದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಶಿಕ್ಷಣದಲ್ಲಿ ‘ಕೇಸ್ ಸ್ಟಡಿ’ ಅಥವಾ ರೋಗಿವೃತ್ತಾಂತಕ್ಕೆ ದೊಡ್ಡ ಸ್ಥಾನವಿದೆ. ಕಾಯಿಲೆಯ ಹೆಸರು ಒಂದೇ ಆದರೂ ಅದು ಕಸಿದುಕೊಳ್ಳುವ ಕೆಲಸ ಮನುಷ್ಯನಿಂದ ಮನುಷ್ಯನಿಗೆ ಬೇರೆಯಾಗುವುದೇ ಇದಕ್ಕೆ ಕಾರಣ. ಬೆರಳು ಮಡಚಲಾರದ ಗುಮಾಸ್ತನಿಗೆ ಲೇಖನಿಯ ಚಿಂತೆ. ಭಿವಂಡಿಯ ಮಗ್ಗದ ಕೆಲಸಗಾರನಿಗೆ ಕಡಿದ ನೂಲನ್ನು ಗಂಟು ಹಾಕುವ ಚಿಂತೆ.

ಒಂದು ಉದಾಹರಣೆಯನ್ನು ನೋಡೋಣ. ಇದು ಪಾಠಕ್ಕಾಗಿ ಕಲ್ಪಿಸಿಕೊಂಡದ್ದು, ಯಾರೊಬ್ಬರ ಕಥೆಯೂ ಅಲ್ಲ. ಬದಲಾಪುರದಲ್ಲಿ ಸಂಸಾರ ಹೂಡಿರುವ, ದಾದರಿನ ಹೋಟೆಲೊಂದರಲ್ಲಿ ದೋಸೆ ಹಾಕುವ ಐವತ್ತು ವರ್ಷದ ಗೃಹಸ್ಥರು. ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಸೋತಿವೆ. ‘ಬಲಗೈ ದುರ್ಬಲ’ ಎಂದು ಬರೆದರೆ ಅದು ರೋಗದ ವಿವರವಾಯಿತು, ವೃತ್ತಾಂತವಾಗಲಿಲ್ಲ. ಅವರ ದಿನಚರಿ ಏನು? ಮನೆಯಲ್ಲಿ ದುಡಿಯುವವರು ಯಾರು? ಮೆಟ್ಟಿಲು ಎಷ್ಟು? ಅವರಿಗೆ ಮೊದಲು ಮರಳಿ ಬೇಕಾದ ಕೆಲಸ ಯಾವುದು? ಇವಿಷ್ಟನ್ನೂ ಕೇಳಿ ಬರೆಯಬೇಕು. ಬಹುಶಃ ಅವರು ದೋಸೆಯ ಮಾತು ಎತ್ತುವ ಮುಂಚೆ, ‘ಸ್ನಾನಕ್ಕೆ ಹೆಂಡತಿಯನ್ನು ಕರೆಯಬೇಕಾಗಿದೆ, ಅದೊಂದು ತಪ್ಪಲಿ’ ಎಂದಾರು. ಹಾಗಾದರೆ ಚಿಕಿತ್ಸೆ ಅಲ್ಲಿಂದಲೇ ಮೊದಲಾಗಬೇಕು.

ಮುಂದಿನದು ಕೆಲಸವನ್ನು ಬಿಡಿಸಿ ನೋಡುವುದು. ದೋಸೆ ಹಾಕುವುದೆಂದರೆ ಸೌಟು ಹಿಡಿಯಲು ಬೆರಳು, ಹಿಟ್ಟು ಎತ್ತಲು ಮಣಿಕಟ್ಟು, ದುಂಡಗೆ ಹರಡಲು ಭುಜ ಮತ್ತು ಮೊಣಕೈ, ಮಗುಚಲು ಮುಂಗೈಯ ತಿರುವು. ಜೊತೆಗೆ ಗಂಟೆಗಟ್ಟಲೆ ನಿಲ್ಲುವ ಕಾಲು. ಇವುಗಳಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನು ಪರೀಕ್ಷಿಸಬೇಕು. ಚರ್ಮಕ್ಕೆ ಬಿಸಿ ತಿಳಿಯುತ್ತದೆಯೇ ಎಂಬುದನ್ನಂತೂ ಮರೆಯಲೇಬಾರದು. ತಿಳಿಯದ ಕೈಯನ್ನು ಕಾವಲಿಯ ಬಳಿ ಬಿಟ್ಟರೆ ಸುಟ್ಟುಹೋದೀತು.

ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಸಾಗಬೇಕು. ಮೊದಲು ಕುಳಿತು ಮೇಜಿನ ಮೇಲೆ ಒದ್ದೆ ಬಟ್ಟೆಯನ್ನು ದುಂಡಗೆ ಒರೆಸುವುದು; ನಂತರ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದ ಹಗುರ ಸೌಟು, ತಣ್ಣಗಿನ ಕಾವಲಿ; ಆಮೇಲೆ ನಿಂತುಕೊಂಡು; ಕೈಗೆ ಬಿಸಿ ತಿಳಿಯುವುದು ಖಚಿತವಾದ ಮೇಲೆಯೇ ಒಲೆಯ ಬಳಿಗೆ. ಪ್ರತಿ ಹಂತಕ್ಕೂ ತಾರೀಖು ಹಾಕಿ, ಆದುದನ್ನೂ ಆಗದುದನ್ನೂ ಬರೆದಿಡಬೇಕು. ಹಳೆಯ ಕೆಲಸ ಸಾಧ್ಯವೇ ಆಗದಿದ್ದರೆ, ಅದೇ ಹೋಟೆಲಿನಲ್ಲಿ ಕುಳಿತು ಮಾಡುವ ಬೇರೆ ಕೆಲಸದ ಯೋಚನೆಯೂ ವೃತ್ತಾಂತದಲ್ಲಿ ಸೇರುತ್ತದೆ.

ವಿದ್ಯಾರ್ಥಿಗೆ ಇದರಿಂದ ಏನು ಲಾಭ? ಪುಸ್ತಕವು ನರ, ಸ್ನಾಯುಗಳನ್ನು ಕಲಿಸುತ್ತದೆ. ವೃತ್ತಾಂತವು ಮುಂದೇನು ಎಂದು ನಿರ್ಧರಿಸುವುದನ್ನು ಕಲಿಸುತ್ತದೆ. ಒಂದೇ ವೃತ್ತಾಂತವನ್ನು ತರಗತಿಯ ಮುಂದಿಟ್ಟು, ‘ನೀವಾದರೆ ಎಲ್ಲಿಂದ ಆರಂಭಿಸುತ್ತೀರಿ, ಏಕೆ?’ ಎಂದು ಕೇಳಿದರೆ ಹಲವು ಉತ್ತರಗಳು ಬರುತ್ತವೆ. ಕಾರಣ ಹೇಳಲು ಕಲಿಯುವುದೇ ಪಾಠ. ಆದರೆ ಕಾಗದ ಸಾಲದು. ಆದುದರಿಂದಲೇ ಜಾಗತಿಕ ಒಕ್ಕೂಟವು ವಿದ್ಯಾರ್ಥಿಗೆ ಕನಿಷ್ಠ 1000 ಗಂಟೆಗಳ ಪ್ರತ್ಯಕ್ಷ ಅನುಭವ ಬೇಕೆಂದು ವಿಧಿಸಿದೆ.

ಇದಕ್ಕೆ ಮಿತಿಗಳೂ ಉಂಟು. ಒಬ್ಬರಿಗೆ ಗುಣವಾಯಿತೆಂದು ಎಲ್ಲರಿಗೂ ಆಗುತ್ತದೆಂದು ಹೇಳಲಾಗದು. ಪಾರ್ಶ್ವವಾಯುವಿನ ಬಳಿಕ ಕೆಲಮಟ್ಟಿಗೆ ತಾನಾಗಿಯೇ ಗುಣ ಬರುವುದುಂಟು, ಅದನ್ನು ಚಿಕಿತ್ಸೆಯ ಲೆಕ್ಕಕ್ಕೆ ಬರೆಯಬಾರದು. ಗೆದ್ದ ವೃತ್ತಾಂತಗಳನ್ನಷ್ಟೇ ಬರೆದು ಸೋತವನ್ನು ಮುಚ್ಚಿಟ್ಟರೆ ಕಲಿಯುವವನು ದಾರಿ ತಪ್ಪುತ್ತಾನೆ. ರೋಗಿಯ ಒಪ್ಪಿಗೆಯಿಲ್ಲದೆ ಅವನ ವೃತ್ತಾಂತವನ್ನು ಬಳಸಬಾರದು. ಹೆಸರು, ಗುರುತುಗಳನ್ನು ತೆಗೆದುಹಾಕಬೇಕು.

ವಾಚಕರಿಗೆ ಇದರಲ್ಲಿ ಒಂದು ಕರ್ತವ್ಯವಿದೆ. ನಮ್ಮ ಮನೆಗಳಲ್ಲಿ ರೋಗಿಗೆ ತುತ್ತಿಡುವುದು, ಗುಂಡಿ ಹಾಕುವುದು ಪ್ರೀತಿಯ ಗುರುತು. ಆದರೆ ತಾನೇ ಮಾಡಬಲ್ಲ ಕೆಲಸವನ್ನೂ ನಾವು ಮಾಡಿಕೊಟ್ಟರೆ, ಕೈಗೆ ಅಭ್ಯಾಸ ತಪ್ಪುತ್ತದೆ, ಮನಸ್ಸು ಕುಗ್ಗುತ್ತದೆ. ಆಸ್ಪತ್ರೆಗೆ ಹೊರಡುವ ಮುನ್ನ ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿರಿ: ಮೊದಲು ಅವರು ಏನೇನು ಮಾಡುತ್ತಿದ್ದರು, ಈಗ ತಾವೇ ಏನು ಮಾಡುತ್ತಾರೆ, ಎಲ್ಲಿ ಸಹಾಯ ಬೇಕು, ಅವರಿಗೆ ಮೊದಲು ಯಾವುದು ಮರಳಿ ಬೇಕು. ನಾಲ್ಕನೆಯದನ್ನು ಅವರನ್ನೇ ಕೇಳಿ ಬರೆಯಿರಿ. ಮಾತು ಬಿದ್ದುಹೋಗಿದ್ದರೆ ಸನ್ನೆಯಿಂದಲಾದರೂ ತಿಳಿಯಿರಿ. ಚಿಕಿತ್ಸಕರಿಗೆ ಅದಕ್ಕಿಂತ ಒಳ್ಳೆಯ ಆರಂಭ ದೊರೆಯಲಾರದು.