ಕಾಣಿಕೆ ಉತ್ತರಕ್ಕಲ್ಲ, ನಮ್ಮ ಹೊತ್ತಿಗೆ

2011ರ ಮಾತು. ಬೀಜದ ಕಂಪನಿಯೊಂದರ ಹುಡುಗರು ಮಸ್ಕಿ ಸೀಮೆಯ ನಮ್ಮೂರಿಗೆ ಸರ್ವೆಗೆ ಬಂದರು. 'ನಮ್ಮ ಸಜ್ಜಿ ಯಾರಿಗೆ ಛಲೋ ಬೆಳೆದದ, ಅವರಿಗೆ ಒಂದು ಸ್ಟೀಲ್ ಡಬ್ಬಿ' ಅಂದರು. ನನಗೆ ಬಂದದ್ದು ಎಕರೆಗೆ ಮೂರೇ ಚೀಲ. ಡಬ್ಬಿ ನೋಡಿ ಆರು ಅಂತ ಬರೆಸಿದೆ.

ನನ್ನ ಹೆಸರು, ಆ ಆರು ಚೀಲ ಎರಡೂ ಅಚ್ಚಾಗಿ ಲಿಂಗಸುಗೂರು ಸಂತೆಯಲ್ಲಿ ಹಂಚಿಕೆಯಾದವು. ಅಲ್ಲಿಯ ನಮ್ಮ ಭಾವ ಅದನ್ನು ಓದಿ ಮರುವರ್ಷ ನಾಲ್ಕು ಎಕರೆ ಮಸಾರಿಗೆ ಅದೇ ಬೀಜ ಹಾಕಿದರು. ಬೀಜದ ರೊಕ್ಕವೂ ಹುಟ್ಟಲಿಲ್ಲ. 'ನಿನ್ನ ಹೆಸರು ನೋಡಿ ಬಿತ್ತಿದೆನಪ್ಪ' ಅಂದರು, ಅಷ್ಟೇ. ಡಬ್ಬಿ ಇನ್ನೂ ಮನೆಯಲ್ಲಿದೆ.

ಹಾಗಂತ ಕಾಣಿಕೆಯೇ ಬೇಡ ಅನ್ನಲಾರೆ. ಸಿಂಧನೂರಿನ ಕಾಲುವೆ ಕೆಳಗೆ ಭತ್ತ ನಾಟಿ, ನಮ್ಮಲ್ಲಿ ಹಸಿ ಆರುವ ಮೊದಲು ಬಿತ್ತಿಗೆ. ಅಂಥ ದಿನ ಎರಡು ತಾಸು ಕೂತು ಬರೆಸಲು ಪುರಸೊತ್ತು ಇದ್ದವರು ಯಾರು? ಕಟ್ಟೆ ಮೇಲೆ ಕೂತವರು. ಅವರನ್ನಷ್ಟೇ ಕೇಳಿದರೆ ಊರಿನ ಲೆಕ್ಕ ಸಿಗುವುದಿಲ್ಲ, ಕಟ್ಟೆಯ ಲೆಕ್ಕ ಸಿಗುತ್ತದೆ. ದುಡಿಯುವವನ ಹೊತ್ತಿಗೂ ಬೆಲೆ ಕೊಡಬೇಕು.

ಕೊಡುವ ರೀತಿ ಮುಖ್ಯ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆ 1975ರಲ್ಲಿ ಮೆಹಬೂಬ್‌ನಗರ, ಸೊಲ್ಲಾಪುರ, ಅಕೋಲಾ ಜಿಲ್ಲೆಗಳ ಆರು ಒಣಬೇಸಾಯದ ಊರುಗಳಲ್ಲಿ ಅಧ್ಯಯನ ಶುರು ಮಾಡಿತು. ರೈತರು ಎಷ್ಟು ಧೈರ್ಯ ಮಾಡುತ್ತಾರೆ ಎಂದು ತಿಳಿಯಲು ಹ್ಯಾನ್ಸ್ ಬಿನ್ಸ್‌ವಾಂಗರ್ ಎಂಬುವರು ನಾಣ್ಯ ಚಿಮ್ಮುವ ಆಟ ಆಡಿಸಿದರು, ಗೆದ್ದ ರೊಕ್ಕ ನಿಜವಾಗಿ ಕೊಟ್ಟರು. ಬರೀ ಬಾಯಿಮಾತಿನಲ್ಲಿ ಕೇಳಿದ್ದಕ್ಕಿಂತ ಇದರಲ್ಲಿ ಬಂದ ಉತ್ತರವೇ ಹೆಚ್ಚು ನಂಬುವಂತಿತ್ತು. ಅಲ್ಲಿ 'ಹಿಂಗ ಹೇಳಿದರೆ ಡಬ್ಬಿ' ಎಂಬ ಆಸೆ ಇರಲಿಲ್ಲ. ಅಮೆರಿಕದಲ್ಲಿ ಟಪಾಲಿನ ಸರ್ವೆಗಳಲ್ಲಿಯೂ ಕಂಡದ್ದು ಇದು: ಆಮೇಲೆ ಕೊಡುತ್ತೇವೆ ಅನ್ನುವುದಕ್ಕಿಂತ, ಲಕೋಟೆಯಲ್ಲಿ ಮೊದಲೇ ಸ್ವಲ್ಪ ಹಣ ಇಟ್ಟು ಕಳಿಸಿದರೆ ಹೆಚ್ಚು ಜನ ಉತ್ತರಿಸುತ್ತಾರೆ.

ಸರ್ವೆಯವರು ಬಂದರೆ ಇಷ್ಟು ನೋಡಿಕೊಳ್ಳಿರಿ:

1. ಯಾರ ಪರವಾಗಿ ಬಂದಿರಿ, ಎಷ್ಟು ಹೊತ್ತು ಬೇಕು ಎಂದು ಮೊದಲೇ ಕೇಳಿರಿ. ಬೇಡವಾದರೆ ಬೇಡ ಅನ್ನಿರಿ.

2. ಕಾಣಿಕೆ ಎಲ್ಲರಿಗೂ ಒಂದೇ ಇರಲಿ, ಪ್ರಶ್ನೆಗೆ ಮೊದಲೇ ಕೈ ಸೇರಲಿ.

3. ಕಳೆದ ಹೊತ್ತಿನ ಕೂಲಿಯಷ್ಟು ಸಾಕು. ಹೆಚ್ಚಿನದಕ್ಕೆ ಆಸೆಬಿದ್ದರೆ ಸುಳ್ಳು ಬರುತ್ತದೆ.

4. ಲೆಕ್ಕ ಊರಿಗೆ ಮರಳಲಿ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ಮಣ್ಣು ಒಯ್ದವರು ಚೀಟಿ ಕೊಡಬೇಕು. ಅದಕ್ಕಿಂತ ದೊಡ್ಡ ಕಾಣಿಕೆ ಬೇರೆ ಇಲ್ಲ.

ಹೋದ ವರ್ಷ ನಮ್ಮ ಓಣಿಯವರೇ ಸಜ್ಜಿ ಇಳುವರಿ ಬರೆದುಕೊಂಡೆವು. ಮನೆಗೊಂದು ಚಹಾಪುಡಿ ಪೊಟ್ಟಣ ಮೊದಲು ಕೊಟ್ಟು, ಆಮೇಲೆ ಕೇಳಿದೆವು. ಒಬ್ಬರು ಎರಡೇ ಚೀಲ ಅಂದರು. ಯಾರೂ ನಗಲಿಲ್ಲ. ನಾನು ನನ್ನ ಮೂರು ಚೀಲವನ್ನು ಈ ಸಲ ಮೂರೇ ಅಂತ ಬರೆಸಿದೆ.